ಫೋನಿನ ಪ್ರವಾದಿ, ಊರಿನ ಫಾದರ್

ಕೊಯಮತ್ತೂರಿನ ಪೋತ್ತನೂರಿನಲ್ಲಿರುವ ನಮ್ಮ ಮನೆಯಲ್ಲಿ ದೊಡ್ಡಮ್ಮನ ಫೋನು ಬೆಳಗಿನ ಜಾವ ನಾಲ್ಕೂವರೆಗೇ ಮಾತಿಗೆ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಆಕೆ ಮುಖ ತೊಳೆದು, ತಲೆ ಮೇಲೆ ಸೆರಗು ಹೊದ್ದು, ಹಾಸಿಗೆಯಲ್ಲೇ ಗೋಡೆಗೆ ಒರಗಿ ಕೂತಿರುತ್ತಾಳೆ. ವಯಸ್ಸು 78. ಎರಡೂ ಮಂಡಿ ಸವೆದಿವೆ, ಚರ್ಚಿನ ಮೆಟ್ಟಿಲು ಹತ್ತಿ ಎರಡು ವರ್ಷವಾಯಿತು. ಕೈಯಲ್ಲಿ ಜಪಸರ, ಮಡಿಲಲ್ಲಿ ಫೋನು. ಫೋನಿನೊಳಗೆ ಯಾರೋ ಒಬ್ಬರು ಕನ್ನಡದಲ್ಲಿ ಪ್ರಾರ್ಥನೆ ಮಾಡಿಸುತ್ತಿರುತ್ತಾರೆ.

ಹೋದ ತಪಸ್ಸು ಕಾಲದಲ್ಲಿ ಅಂಥದೊಂದು ನೇರಪ್ರಸಾರದಲ್ಲಿ ಬೋಧಕರೊಬ್ಬರು ಕಣ್ಣು ಮುಚ್ಚಿಕೊಂಡು ಒಂದು ಹೆಸರು ಕರೆದರು. ಆ ಹೆಸರಿನ ತಾಯಿಯ ಮಂಡಿನೋವನ್ನು ದೇವರು ಈ ಗಳಿಗೆಯಲ್ಲಿ ಮುಟ್ಟುತ್ತಿದ್ದಾನೆ ಎಂದರು. ಅದು ದೊಡ್ಡಮ್ಮನ ಹೆಸರು. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಇತ್ತು. ಪಕ್ಕದ ಮನೆಯ ಹುಡುಗನಿಗೆ ಐದು ಸಾವಿರ ರೂಪಾಯಿ ನೋಟು ಎಣಿಸಿ ಕೊಟ್ಟು, ಅವನ ಫೋನಿನಿಂದ ಕಾಣಿಕೆ ಕಳಿಸಿದಳು. ನಮಗೆ ವಿಷಯ ಗೊತ್ತಾದದ್ದು ಒಂಬತ್ತು ದಿನ ಕಳೆದ ಮೇಲೆ, ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದಾಗ. ಅಷ್ಟೂ ದಿನ ಬಿಪಿ ಮಾತ್ರೆ ನುಂಗಿರಲಿಲ್ಲ. ಮಾತ್ರೆ ನುಂಗಿದರೆ ನಂಬಿಕೆ ಕಮ್ಮಿಯೆಂದು ತೋರಿಸಿದಂತೆ ಎಂದು ಅಲ್ಲಿ ಯಾರೋ ಸಾಕ್ಷಿ ಹೇಳಿದ್ದರಂತೆ.

"ಕನ್ನಡದಲ್ಲಿ ನನ್ ಹೆಸರಿಡ್ದು ಕರುದ್ರು ಕಣಮ್ಮಿ. ಮಂಡಿ ನೋವೂಂತ್ಲೂ ಹೇಳುದ್ರು. ಇನ್ನೇನ್ ಬೇಕು?" ಎಂದಳು ನನಗೆ.

ಆ ಹೆಸರು ನಮ್ಮ ಕ್ರೈಸ್ತರಲ್ಲಿ ಮನೆಗೊಬ್ಬರಿಗೆ ಇರುವ ಹೆಸರು. ಮಂಡಿನೋವಿಲ್ಲದ ಅಜ್ಜಿ ಯಾವ ಊರಲ್ಲಿದ್ದಾಳೆ? ಇಷ್ಟು ಹೇಳುವುದು ನನಗೆ ಕಷ್ಟವಿರಲಿಲ್ಲ. ಬಾಯಿ ಕಟ್ಟಿದ್ದು ಅವಳ ಮಾತಿನ ಮೊದಲನೆಯ ಪದ. ಕನ್ನಡದಲ್ಲಿ ಕರೆದರು ಎಂಬುದು ಅವಳ ಬಾಳಿನಲ್ಲಿ ಸಣ್ಣ ಸಂಗತಿಯಲ್ಲ.

ನಮ್ಮದು ಕೊಳ್ಳೇಗಾಲದ ಕಡೆಯ ಮನೆತನ. ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಹಾಗಾಗಿ ತಾತ ರೈಲ್ವೆ ಕೆಲಸಕ್ಕೆ ಪೋತ್ತನೂರಿಗೆ ಬಂದಾಗ ಪರಸ್ಥಳಕ್ಕೆ ಬಂದೆನೆಂದು ಅವನಿಗೆ ಅನಿಸಿರಲಾರದು. ಈ ಸೀಮೆಯಲ್ಲಿ ಕನ್ನಡ ಮಾತಾಡುವ ದೇವಾಂಗರಿದ್ದಾರೆ, ಒಕ್ಕಲಿಗರಿದ್ದಾರೆ. ಬೀದಿಯಲ್ಲಿ ಕನ್ನಡ ಕೇಳದ ದಿನವಿಲ್ಲ ಎನ್ನಬಹುದು. ಆದರೆ ಚರ್ಚಿನೊಳಗೆ ಪೂಜೆ ತಮಿಳಿನಲ್ಲಿ. ದೊಡ್ಡಮ್ಮ ಆರು ದಶಕ ತಮಿಳಿನಲ್ಲಿ ಪಾಪನಿವೇದನೆ ಮಾಡಿದವಳು. ಅವಳ ತಮಿಳು ಚೆನ್ನಾಗಿಯೇ ಇದೆ. ಆದರೂ ಅಳುವುದು, ಬೇಡುವುದು, ದೇವರ ಜೊತೆ ಜಗಳವಾಡುವುದು ಎಲ್ಲ ಕನ್ನಡದಲ್ಲೇ. ಆ ಕನ್ನಡದಲ್ಲಿ ಅವಳಿಗೆ ಯಾರಾದರೂ ದೇವರ ಮಾತು ಹೇಳಿದ್ದು ಫೋನು ಬಂದ ಮೇಲೆ.

ಬಿದ್ದ ದಿನ ಮನೆಯಲ್ಲಿ ದೊಡ್ಡ ವಾದವೇ ಆಯಿತು. ಭಾವ ಮೂವತ್ತು ವರ್ಷದಿಂದ ಸೇಂಟ್ ವಿನ್ಸೆಂಟ್ ದೆ ಪೌಲ್ ಸೊಸೈಟಿಯಲ್ಲಿ ಓಡಾಡಿ ಬಡವರ ಮನೆಗೆ ಅಕ್ಕಿ ಮುಟ್ಟಿಸುವವರು. ಫೋನಿನಿಂದ ಯೂಟ್ಯೂಬ್ ತೆಗೆದುಹಾಕಿ, ಧರ್ಮಕೇಂದ್ರದ ಗುರುಗಳು ಹೇಳಿದ್ದು ಸಾಕು ಎಂದರು. ಮಾತ್ರೆ ಡಬ್ಬಿ ಎಣಿಸಿ ವಿಷಯ ಪತ್ತೆ ಹಚ್ಚಿದವಳು ಅಕ್ಕನ ಮಗಳು, ಆಸ್ಪತ್ರೆಯಲ್ಲಿ ನರ್ಸ್. ಆದರೆ ಫೋನು ಕಿತ್ತುಕೊಳ್ಳುವುದಕ್ಕೆ ಅಡ್ಡ ನಿಂತವಳೂ ಅವಳೇ. "ದೊಡ್ಡಜ್ಜಿಗೆ ಎರಡು ವರ್ಷದಿಂದ ಜೊತೆಗಿದ್ದದ್ದು ಆ ಫೋನು ಮಾವ, ನಾವಲ್ಲ" ಎಂದಳು. ಇಬ್ಬರ ಮಾತೂ ನನ್ನೊಳಗೆ ಇನ್ನೂ ನಡೆಯುತ್ತಿದೆ. ಇಬ್ಬರಿಗೂ ನ್ಯಾಯವಾಗುವಂತೆ ತೂಗಿ ನೋಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಭಾವನ ಪಕ್ಷವನ್ನು ಮೊದಲು ಹೇಳುತ್ತೇನೆ. ಅದು ಬರೀ ಹಳೆಯ ಕಾಲದ ಮಡಿವಂತಿಕೆಯಲ್ಲ. ಕಥೋಲಿಕ ಗುರುವಾಗುವವನು ತತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಕನಿಷ್ಠ ಆರು ವರ್ಷ ಓದಲೇಬೇಕೆಂದು 1983ರ ಚರ್ಚ್ ಕಾನೂನು ಸಂಹಿತೆ ಹೇಳುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕು ಎನ್ನುತ್ತದೆ. ಪ್ರಾಟೆಸ್ಟಂಟರ ಸಿಎಸ್‌ಐ ಸಭೆಗಳಲ್ಲಾದರೆ ಜನ ಓಟು ಹಾಕಿ ಆರಿಸಿದ ಕಮಿಟಿ ಇದೆ. ಗುರು ತಪ್ಪು ಬೋಧಿಸಿದರೆ ದೂರು ಬರೆಯಲು ಬಿಷಪ್ಪರ ವಿಳಾಸವಿದೆ. ಅದಕ್ಕೂ ಮುಖ್ಯವಾದದ್ದು, ಅವರನ್ನು ನಾವು ಮಾರ್ಕೆಟ್ಟಿನಲ್ಲಿ ನೋಡುತ್ತೇವೆ, ಸಾವಿನ ಮನೆಯಲ್ಲಿ ನೋಡುತ್ತೇವೆ. ಸಿಟ್ಟು ಬಂದಾಗ ಹೇಗೆ ಮಾತಾಡುತ್ತಾರೆ, ಬಡವರ ಮನೆಯ ನಾಮಕರಣಕ್ಕೆ ಎಷ್ಟು ಹೊತ್ತು ಕೂರುತ್ತಾರೆ, ಎಲ್ಲ ಗೊತ್ತಾಗುತ್ತದೆ. ಫೋನಿನಲ್ಲಿ ಬರುವವರ ಮುಖದ ಮೇಲೆ ಬೆಳಕು ಬಿಟ್ಟುಕೊಂಡ ಭಾಗ ಮಾತ್ರ ನಮಗೆ ಕಾಣುವುದು.

ಹೀಗೆ ಪರದೆಯ ಮೇಲೆ ಬೆಳಗಿದವರಲ್ಲಿ ಪಂಜಾಬಿನ ಬಜಿಂದರ್ ಸಿಂಗ್ ಒಬ್ಬರು. ರೋಗ ಗುಣಪಡಿಸುವ ಪ್ರಾರ್ಥನೆಯ ವಿಡಿಯೋಗಳಿಂದ ಅವರ ಹೆಸರು ಪಂಜಾಬಿ ಬಾರದ ನಮ್ಮ ಬೀದಿಯವರೆಗೂ ಬಂದಿತ್ತು. 2018ರ ಅತ್ಯಾಚಾರ ಪ್ರಕರಣದಲ್ಲಿ ಮೊಹಾಲಿಯ ನ್ಯಾಯಾಲಯ 2025ರ ಏಪ್ರಿಲ್ 1ರಂದು ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ತಿಂಗಳು ನಮ್ಮ ಕೊಯಮತ್ತೂರಿನ, ಹಾಡುಗಳ ವಿಡಿಯೋಗಳಿಂದ ಯುವಕರ ನಡುವೆ ಹೆಸರಾಗಿದ್ದ ಪಾಸ್ಟರ್ ಒಬ್ಬರನ್ನು ಪೋಕ್ಸೊ ಪ್ರಕರಣದಲ್ಲಿ ಪೊಲೀಸರು ಬಂಧಿಸಿದರು. ಈ ಎರಡನೆಯದರ ಸತ್ಯಾಸತ್ಯ ನ್ಯಾಯಾಲಯ ಹೇಳಬೇಕಾದ್ದು, ನಾನಲ್ಲ. ಆದರೆ ಆ ಸುದ್ದಿ ಬಂದ ವಾರ ನಮ್ಮ ನೆಂಟರ ಮಕ್ಕಳು ಫೋನಿನಿಂದ ಆ ಹಾಡುಗಳನ್ನು ಒಂದೊಂದಾಗಿ ಅಳಿಸಿದ್ದನ್ನು ನೋಡಿದೆ. ಹದಿನಾರರ ಹುಡುಗಿಯೊಬ್ಬಳು, "ನಾನು ಯೇಸುವಿಗೆ ಅತ್ತಿದ್ದು ಈ ಹಾಡು ಕೇಳಿ. ಈಗ ಆ ಅಳುವೂ ಸುಳ್ಳಾ ಆಂಟಿ?" ಎಂದು ಕೇಳಿದಳು. ಅಳು ಸುಳ್ಳಲ್ಲ ಮಗಳೇ ಎಂದೆ. ಅದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ.

ಇವರೆಲ್ಲ ಮುಖ ತೋರಿಸಿದವರಾದರೂ ಹೌದು. ಮುಖವೇ ಇಲ್ಲದವರ ಕತೆ ಇನ್ನೊಂದು. ಫೇಸ್‌ಬುಕ್ ಕಂಪನಿಯೊಳಗೇ 2019ರಲ್ಲಿ ತಯಾರಾಗಿ 2021ರಲ್ಲಿ ಹೊರಬಿದ್ದ ವರದಿಯೊಂದಿದೆ. ಅಮೆರಿಕದ ಕ್ರೈಸ್ತರು ನೋಡುತ್ತಿದ್ದ ಅತಿ ದೊಡ್ಡ 20 ಪುಟಗಳಲ್ಲಿ 19ನ್ನು ನಡೆಸುತ್ತಿದ್ದವರು ಪೂರ್ವ ಯುರೋಪಿನಲ್ಲಿ ಕೂತು ಕಾಸಿಗಾಗಿ ಪುಟ ಬೆಳೆಸುವ ತಂಡಗಳು ಎಂದು ಅದು ಕಂಡುಹಿಡಿದಿತ್ತು. ಬೆಳಿಗ್ಗೆ ಎದ್ದು ಯಾರೋ ಒಬ್ಬ ತಾಯಿ 'ಆಮೆನ್' ಎಂದು ಬರೆದದ್ದು ಯಾವ ಭಕ್ತನಿಗೂ ಮುಟ್ಟಲಿಲ್ಲ. ಅದು ಲೆಕ್ಕದ ಒಂದು ಅಂಕಿಯಾಗಿ ಕೂತಿತು. ಈಚೆಗೆ ಯಂತ್ರ ಬರೆದ ಚಿತ್ರಗಳೂ ಬಂದಿವೆ. 2023ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಉಬ್ಬಿದ ಬಿಳಿ ಜಾಕೆಟ್ ತೊಟ್ಟು ನಡೆಯುವ ಚಿತ್ರವನ್ನು ಲೋಕವೇ ನಂಬಿತು. ಅದು ನಿರುಪದ್ರವಿ ಚಿತ್ರ. ಬಿಷಪ್ಪರೊಬ್ಬರ ದನಿಯನ್ನೇ ಹಾಗೆ ಮಾಡಿ ಕಾಣಿಕೆ ಕೇಳಿದರೆ ದೊಡ್ಡಮ್ಮ ಹೇಗೆ ತಿಳಿದಾಳು?

ಕೊಯಮತ್ತೂರಿನವರಾಗಿ ಇನ್ನೊಂದು ಭಯ ನಮಗಿದೆ. 1998ರ ಫೆಬ್ರವರಿ 14ರ ಬಾಂಬ್ ಸ್ಫೋಟಗಳಲ್ಲಿ 58 ಜನ ಸತ್ತ ಊರು ಇದು. ಇಲ್ಲಿ ಧರ್ಮದ ಹೆಸರಿನ ಒಂದು ವಿಡಿಯೋ ತುಣುಕು ಕ್ರೈಸ್ತರ ಮನೆಯೊಳಗಿನ ವಿಷಯವಾಗಿ ಉಳಿಯುವುದಿಲ್ಲ. ನಾಲುಮಾವಡಿಯ ಬೋಧಕ ಮೋಹನ್ ಸಿ. ಲಾಜರಸ್ ಮುಚ್ಚಿದ ಸಭೆಯೊಂದರಲ್ಲಿ ಹಿಂದೂ ದೇವಸ್ಥಾನಗಳ ಬಗ್ಗೆ ಆಡಿದ ಮಾತು 2018ರಲ್ಲಿ ವಿಡಿಯೋ ಆಗಿ ಹರಡಿ, ತಮಿಳುನಾಡಿನ ಹಲವು ಠಾಣೆಗಳಲ್ಲಿ ದೂರು ದಾಖಲಾಯಿತು. ಅವರು ವಿಷಾದ ವ್ಯಕ್ತಪಡಿಸಿದ ಮೇಲೆ 2021ರಲ್ಲಿ ಮದ್ರಾಸ್ ಹೈಕೋರ್ಟ್ ಆ ಪ್ರಕರಣಗಳನ್ನು ರದ್ದು ಮಾಡಿತು. ನಾನು ಇದನ್ನು ಎರಡು ರೀತಿಯಲ್ಲಿ ಓದುತ್ತೇನೆ. ನಾಲ್ಕು ಗೋಡೆಯೊಳಗೆ ನೆರೆಯವರ ದೇವರ ಬಗ್ಗೆ ಹೇಗೆ ಮಾತಾಡುತ್ತೇವೆ ಎಂಬುದು ನಮ್ಮ ನಿಜವಾದ ಬೋಧನೆ, ಅದನ್ನು ವಿಡಿಯೋ ಬಯಲಿಗೆ ತಂದಿತು. ಜೊತೆಗೆ, ತಪ್ಪಾಯಿತು ಎಂದು ಬರೆದುಕೊಡುವ ಬೋಧಕನಿಗೂ ಒಂದು ಗೌರವ ಸಲ್ಲಬೇಕು. ಅಂಥವರು ಎಲ್ಲ ಕಡೆಯೂ ಕಡಿಮೆ.

ಇಷ್ಟು ಕೇಳಿದರೆ ಭಾವನೇ ಗೆದ್ದಂತೆ ಕಾಣುತ್ತದೆ. ಆದರೆ ಅಕ್ಕನ ಮಗಳ ಪಕ್ಷದಲ್ಲಿರುವ ಸತ್ಯ ಇನ್ನೂ ಆಳದ್ದು ಎಂದು ನನಗೆ ಆಗಾಗ ಅನಿಸಿದೆ.

2020ರ ಮಾರ್ಚಿನಲ್ಲಿ ಚರ್ಚುಗಳ ಬಾಗಿಲು ಮುಚ್ಚಿದವು. ಮಾರ್ಚ್ 27ರ ಸಂಜೆ, ಮಳೆಯಲ್ಲಿ ನೆನೆದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ದೊಡ್ಡಮ್ಮ ಇದೇ ಫೋನಿನಲ್ಲಿ ನೋಡಿದಳು. ಆ ವರ್ಷದ ಶುಭ ಶುಕ್ರವಾರ ನಮ್ಮ ಮನೆಯ ಆರು ಜನ ಒಂದು ಸ್ಟೀಲ್ ಲೋಟಕ್ಕೆ ಒರಗಿಸಿಟ್ಟ ಫೋನಿನ ಮುಂದೆ ಮಂಡಿಯೂರಿದೆವು. ಅದು ಆರಾಧನೆಯೇ ಅಲ್ಲ ಎನ್ನುವವರು ಅಲ್ಲಿರಲಿಲ್ಲ.

ಕಥೋಲಿಕ ಪೂಜೆಯಲ್ಲಿ ಪ್ರಬೋಧನೆ ಮಾಡುವ ಅಧಿಕಾರ ಗುರುಗಳಿಗೂ ಡೀಕನ್ನರಿಗೂ ಮಾತ್ರ. ಕನ್ಯಾಸ್ತ್ರೀಯೊಬ್ಬರು ಎಷ್ಟು ಓದಿದ್ದರೂ ಪೀಠದಿಂದ ಶುಭಸಂದೇಶವನ್ನು ವಿವರಿಸುವಂತಿಲ್ಲ. ಫೋನಿನಲ್ಲಿ ವಿವರಿಸುತ್ತಾರೆ. ನಾಲ್ಕು ಮಕ್ಕಳ ತಾಯಿ, ಕುರುಡಿ, ಊರ ಹೊರಗಿನ ಕೇರಿಯ ಹುಡುಗ, ಇವರೆಲ್ಲ ದೇವರ ಬಗ್ಗೆ ಮಾತಾಡುವುದನ್ನು ನನ್ನ ಬಾಲ್ಯದಲ್ಲಿ ನಾನು ಕೇಳಿರಲಿಲ್ಲ. ಮರಿಯಾ ಮಗ್ದಲೇನಳು ಪುನರುತ್ಥಾನದ ಸುದ್ದಿ ತಂದಾಗ ಶಿಷ್ಯರು ಮೊದಲು ನಂಬಲಿಲ್ಲವೆಂದು ಶುಭಸಂದೇಶದಲ್ಲೇ ಇದೆ. ಹೇಳುವವರ ಅಂತಸ್ತು ನೋಡಿ ನಂಬುವ ರೂಢಿ ಅಂದೇ ಒಮ್ಮೆ ಸೋತಿದೆ.

ಓದು, ಪದವಿ, ಸಂಸ್ಥೆ, ಇವು ಕಾಪಾಡುತ್ತವೆ ಎಂಬ ಮಾತಿಗೂ ದೊಡ್ಡ ಪೆಟ್ಟು ಬಿದ್ದಿದೆ. ಚೆನ್ನೈಯಲ್ಲಿ 1946ರಲ್ಲಿ ಹುಟ್ಟಿ, ಕ್ರೈಸ್ತ ವಿಶ್ವಾಸವನ್ನು ತರ್ಕದಿಂದ ಸಮರ್ಥಿಸುವುದರಲ್ಲಿ ಲೋಕಪ್ರಸಿದ್ಧರಾಗಿದ್ದ ರವಿ ಜಕರಾಯಸ್ ಅವರಿಗೆ ಯಾವುದು ಕಡಿಮೆಯಿತ್ತು? ಬೋರ್ಡು, ಕಚೇರಿ, ಪುಸ್ತಕ, ವಿಶ್ವವಿದ್ಯಾಲಯಗಳ ವೇದಿಕೆ ಎಲ್ಲವೂ ಇದ್ದವು. ಅವರು ತೀರಿಕೊಂಡದ್ದು 2020ರ ಮೇನಲ್ಲಿ. ಹಲವು ಹೆಂಗಸರನ್ನು ಲೈಂಗಿಕವಾಗಿ ಪೀಡಿಸಿದ್ದರೆಂದು ಅವರ ಸಂಸ್ಥೆಯೇ ನೇಮಿಸಿದ ವಕೀಲರ ವರದಿ 2021ರ ಫೆಬ್ರವರಿಯಲ್ಲಿ ಹೇಳಿತು. ಅದಕ್ಕೂ ವರ್ಷಗಳ ಮುಂಚೆ ಅವರ ಬಗ್ಗೆ ಪ್ರಶ್ನೆ ಎತ್ತಿದವರಲ್ಲಿ ಅಂತರ್ಜಾಲದಲ್ಲಿ ಬರೆಯುತ್ತಿದ್ದ, ಅವರ ವಿಶ್ವಾಸವೇ ಇಲ್ಲದ ಹೊರಗಿನವರೂ ಇದ್ದರು. ಒಳಗಿನವರು ಆಗ ಸಂಸ್ಥೆಯ ಮಾತನ್ನು ನಂಬಿದರು. ನಾನೂ ಅವರ ಭಾಷಣಗಳನ್ನು ಇಷ್ಟಪಟ್ಟು ಕೇಳಿದವಳು. ಹೊರಗಿನವರ ಮಾತನ್ನು ವೈರಿಗಳ ಮಾತೆಂದು ಬದಿಗಿಟ್ಟವಳು. ಅದನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ, ಯಾಕೆಂದರೆ ಆ ಹೆಂಗಸರು ಕಾದ ವರ್ಷಗಳಲ್ಲಿ ನನ್ನಂಥ ಕೇಳುಗರ ಮೌನವೂ ಸೇರಿತ್ತು.

ಕೇರಳದ ಕಥೆ ಇನ್ನೂ ತೊಡಕಿನದು. ಬಿಷಪ್ ಫ್ರಾಂಕೊ ಮುಳಕ್ಕಲ್ ವಿರುದ್ಧ ಕನ್ಯಾಸ್ತ್ರೀಯೊಬ್ಬರು ಕೊಟ್ಟ ದೂರಿನ ಮೇಲೆ ಬಂಧನವಾಗಲಿ ಎಂದು 2018ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ಐವರು ಕನ್ಯಾಸ್ತ್ರೀಯರು ಧರಣಿ ಕೂತರು. ಫೋನಿನಲ್ಲಿ ಹರಡಿದ ಆ ಚಿತ್ರ ಇಲ್ಲದಿದ್ದರೆ ಪ್ರಕರಣ ಅಷ್ಟು ದೂರ ಹೋಗುತ್ತಿತ್ತೋ ಇಲ್ಲವೋ. 2022ರ ಜನವರಿಯಲ್ಲಿ ವಿಚಾರಣಾ ನ್ಯಾಯಾಲಯ ಬಿಷಪ್ಪರನ್ನು ಖುಲಾಸೆ ಮಾಡಿತು. ತೀರ್ಪಿಗೆ ಮುಂಚೆಯೇ ಅರ್ಧ ಜನ ಅವರನ್ನು ಅಪರಾಧಿ ಮಾಡಿದ್ದರು, ಉಳಿದ ಅರ್ಧ ಆ ಹೆಣ್ಣುಮಗಳ ಶೀಲವನ್ನು ಹರಾಜಿಗಿಟ್ಟಿದ್ದರು. ಅದೇ ಫೋನು ದನಿಯಿಲ್ಲದವರಿಗೆ ದನಿ ಕೊಟ್ಟಿತು, ಅದೇ ಫೋನು ಅವರ ಮೇಲೆ ಕಲ್ಲನ್ನೂ ಎಸೆಯಿತು.

ನಮ್ಮ ಕನ್ನಡ ಕ್ರೈಸ್ತರಿಗೆ ಈ ಗೊಂದಲ ಹೊಸದೇನಲ್ಲ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತೆಗೆದಾಗ ಊರಲ್ಲಿ ಹುಟ್ಟಿ ಹರಡುವ ಸುಳ್ಳು ಸುದ್ದಿಯೇ ಅವರಿಗೆ ಎದುರಾಳಿಯಾಗಿತ್ತು. ಅದಕ್ಕೂ ಹಿಂದಿನವರು ಆಬೆ ದುಬುವಾ. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದರು, ಸಿಡುಬಿನ ಲಸಿಕೆ ಹಾಕಿಸಲು ಹಳ್ಳಿ ಹಳ್ಳಿ ತಿರುಗಿದರು. ಹಿಂದೂಗಳ ಆಚಾರ ವಿಚಾರಗಳ ಬಗೆಗಿನ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು, 1816ರಲ್ಲಿ ಅದು ಇಂಗ್ಲಿಷಿನಲ್ಲಿ ಬಂತು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಕಣ್ಣಾರೆ ಕಂಡವರ ಮಾತೆಂದೇ ಮಾನ್ಯವಾಗಿತ್ತು. ಕಳೆದ ಶತಮಾನದ ಕೊನೆಯಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ, ಅದರ ಬಹುಪಾಲು ಪುದುಚೇರಿಯಲ್ಲಿದ್ದ ಜೆಸ್ವಿತ್ ಪಾದ್ರಿ ಕೋರ್ದು ಮುಂಚೆಯೇ ಬರೆದಿಟ್ಟದ್ದು ಎಂದು ತೋರಿಸಿದರು. ಇದೇ ದುಬುವಾ 1823ರಲ್ಲಿ ತಮ್ಮ ಮಿಷನರಿ ಕೆಲಸವೇ ಫಲ ಕೊಡಲಿಲ್ಲವೆಂದು, ತಮ್ಮವರೆಲ್ಲ ಸಿಟ್ಟಾಗುವಂತೆ, ಅಚ್ಚು ಹಾಕಿಸಿ ಹೇಳಿದರು. ಲಸಿಕೆಯ ವಿಷಯದಲ್ಲಿ ನಂಬಬಹುದಾಗಿದ್ದ ಮನುಷ್ಯ, ತನ್ನ ಸೋಲಿನ ಬಗ್ಗೆ ನಿಜ ಹೇಳಿದ ಮನುಷ್ಯ, ಪುಸ್ತಕದ ವಿಷಯದಲ್ಲಿ ನಿಜ ಹೇಳಲಿಲ್ಲ. ಒಬ್ಬರನ್ನು ಇಡಿಯಾಗಿ ನಂಬುವುದು ಅಥವಾ ಇಡಿಯಾಗಿ ಬಿಡುವುದು ನಮಗೆ ಸುಲಭ. ಫೋನು ಈ ಸುಲಭವನ್ನೇ ಅಭ್ಯಾಸ ಮಾಡಿಸುತ್ತದೆ, ಹಿಂಬಾಲಿಸು ಇಲ್ಲವೇ ಬಿಡು ಎನ್ನುತ್ತದೆ. ಚರ್ಚೂ ಸಂತರೆಂದೋ ಪಾಷಂಡಿಗಳೆಂದೋ ಇದನ್ನೇ ಮಾಡಿಸಿದ ಕಾಲವಿತ್ತು.

ಇದಕ್ಕೂ ಹಳೆಯ ಒಂದು ಪುಸ್ತಕವಿದೆ, 'ದಿದಾಖೆ'. ಆದಿ ಕ್ರೈಸ್ತರ ಕೈಪಿಡಿ, ಮೊದಲ ಶತಮಾನದ ಕೊನೆಯ ಹೊತ್ತಿಗೆ ಸೇರಿದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕಾನ್‌ಸ್ಟಾಂಟಿನೋಪಲ್‌ನಲ್ಲಿ 1873ರಲ್ಲಿ ಅದರ ಪ್ರತಿ ಸಿಕ್ಕಿತು. ಊರೂರು ತಿರುಗುವ ಬೋಧಕರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಅದರಲ್ಲಿದೆ. ಬಂದವನನ್ನು ಆದರಿಸಿ, ಒಂದು ದಿನ ಇರಲಿ, ಬೇಕಾದರೆ ಎರಡು, ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ, ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಭಾವನಿಗೆ ಇದನ್ನು ಓದಿ ಹೇಳಿದಾಗ ಖುಷಿಪಟ್ಟರು. ಆದರೆ ಆ ಪುಸ್ತಕದಲ್ಲಿ ಬಾಗಿಲು ಹಾಕಿಕೊಳ್ಳಿ ಎಂದು ಎಲ್ಲೂ ಇಲ್ಲ, ಮೊದಲ ಮಾತು ಬಂದವನನ್ನು ಒಳಗೆ ಕರೆಯಿರಿ ಎಂಬುದೇ. ಅದನ್ನು ಹೇಳಿದಾಗ ಅಕ್ಕನ ಮಗಳು ನಕ್ಕಳು.

ನನ್ನ ತೀರ್ಮಾನ ಹುಟ್ಟಿದ್ದು ಧರ್ಮಗ್ರಂಥದಿಂದಲ್ಲ, ಅಪ್ಪನ ಕೆಲಸದಿಂದ. ಪೋತ್ತನೂರು 1862ರಿಂದ ರೈಲಿನ ಊರು. ಮದ್ರಾಸಿನ ಕಡೆಯಿಂದ ಬಂದ ಹಳಿಯೂ ಬೇಪೂರಿನ ಕಡೆಯಿಂದ ಬಂದ ಹಳಿಯೂ ಇಲ್ಲಿ ಕೂಡಿದ್ದು ಆ ವರ್ಷ. 1956ರಲ್ಲಿ ಒಲವಕ್ಕೋಡಿಗೆ ಹೋಗುವವರೆಗೆ ರೈಲ್ವೆ ವಿಭಾಗದ ಕಚೇರಿ ಇಲ್ಲೇ ಇತ್ತು. ಸಿಗ್ನಲ್ ಉಪಕರಣ ತಯಾರಿಸುವ ರೈಲ್ವೆ ವರ್ಕ್‌ಶಾಪ್ ಇಂದಿಗೂ ಇಲ್ಲಿದೆ. ಅಪ್ಪ ಪಾಲಕ್ಕಾಡಿನ ದಾರಿಯ ಮದುಕ್ಕರೈ, ಎಟ್ಟಿಮಡೈ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ಅವರ ಮೇಜಿನ ಮೇಲೆ ಅಂಕಿಗಳಿದ್ದ ಒಂದು ಹಾಳೆ ಇರುತ್ತಿತ್ತು. ಅದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ಗೇಟ್ ಮುಚ್ಚು ಎಂದು ಫೋನಿನಲ್ಲಿ ಗೇಟ್‌ಮನ್‌ಗೆ ಹೇಳಿದರೆ, "ಮುಚ್ಚಿದೆ ಸಾರ್" ಎಂಬ ಮಾತು ಸಾಲದು. ಅವನು ತನ್ನ ಹಾಳೆಯಿಂದ ಒಂದು ಅಂಕಿ ಹೇಳಬೇಕು, ಅಪ್ಪ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು, ಬಳಸಿದ ಅಂಕಿಯನ್ನು ಹೊಡೆದುಹಾಕಬೇಕು. ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದ ಗೇಟ್‌ಮನ್ ಆದರೂ ಅಷ್ಟೆ. ನಾನು ಚಿಕ್ಕವಳಿದ್ದಾಗ, "ಅವರ ದನಿ ನಿಮಗೆ ಗೊತ್ತಲ್ಲಪ್ಪಾ?" ಎಂದು ಕೇಳಿದ್ದೆ. "ದನಿ ಗೊತ್ತು ಪುಟ್ಟಿ. ಗಾಡಿಯಲ್ಲಿ ಕೂತಿರೋ ಜನಕ್ಕೆ ಗೊತ್ತಿಲ್ಲವಲ್ಲ" ಎಂದಿದ್ದರು.

ನೇರಪ್ರಸಾರದ ಬೋಧಕರು ದೊಡ್ಡಮ್ಮನ ಹೆಸರು ಹೇಳಿದ್ದು ಅವಳಿಗೆ ಪ್ರೈವೇಟ್ ನಂಬರಿನಂತೆ ಕೇಳಿಸಿತು. ಯಾರಿಗೂ ಗೊತ್ತಿಲ್ಲದ್ದು ಇವರಿಗೆ ಗೊತ್ತಾಯಿತು ಎಂದುಕೊಂಡಳು. ಅದು ಯಾರು ಬೇಕಾದರೂ ಊಹಿಸಬಹುದಾದ ಅಂಕಿ. ನಿಜವಾದ ಅಂಕಿ ಬೇರೆ. ಈ ಮನುಷ್ಯ ಯಾವ ಊರಿನಲ್ಲಿ, ಯಾರ ನಡುವೆ ಬದುಕುತ್ತಾನೆ? ಅವನನ್ನು ಕರೆದು ಕೇಳುವ ಹಕ್ಕು ಯಾರಿಗಿದೆ? ಕಾಣಿಕೆಯ ಲೆಕ್ಕ ಯಾವ ಪುಸ್ತಕದಲ್ಲಿದೆ? ತಪ್ಪಾಯಿತು ಎಂದು ಎಂದಾದರೂ ಹೇಳಿದ್ದಾನೆಯೇ? ಕಾಯಿಲೆಯವರನ್ನು ಡಾಕ್ಟರ ಬಳಿಗೂ ಕಳಿಸುತ್ತಾನೆಯೇ? ನಮ್ಮ ಊರಿನ ಇನ್ನೊಂದು ಬದಿಯಲ್ಲಿ ಡಿ.ಜಿ.ಎಸ್. ದಿನಕರನ್ ಅವರು 1986ರಲ್ಲಿ ಶುರುಮಾಡಿದ ಕಾರುಣ್ಯ ವಿದ್ಯಾಸಂಸ್ಥೆಯಿದೆ. 'ಯೇಸು ಅಳೈಕ್ಕಿರಾರ್' (ಯೇಸು ಕರೆಯುತ್ತಿದ್ದಾನೆ) ಎಂದು ರೇಡಿಯೋದಲ್ಲಿ ಮನೆಮನೆಗೆ ಬಂದ ದನಿ ಅವರದು. ಅವರ ಬೋಧನೆಯನ್ನು, ಕಾಣಿಕೆಯ ಪದ್ಧತಿಯನ್ನು ಒಪ್ಪದವರು ನಮ್ಮ ಮನೆಯಲ್ಲೇ ಇದ್ದಾರೆ. ಆದರೆ ಒಪ್ಪದವರು ಹೋಗಿ ಬಡಿಯಬಹುದಾದ ಒಂದು ಗೇಟು ಅಲ್ಲಿದೆ, ಗೇಟಿಗೆ ಬೋರ್ಡಿದೆ. ದೊಡ್ಡಮ್ಮನ ಐದು ಸಾವಿರ ಹೋದ ಕಡೆ ಅದೂ ಇಲ್ಲ. ಪರದೆಯಲ್ಲಿದ್ದ ನಂಬರಿಗೆ ನಾನು ನಾಲ್ಕು ದಿನ ಫೋನು ಮಾಡಿದೆ. ನನ್ನ ಪ್ರಾರ್ಥನೆಯ ವಿಷಯವೇನೆಂದು ಕೇಳುತ್ತಿದ್ದರು, ನೀವು ಯಾವ ಊರಿನವರು ಎಂದು ನಾನು ಕೇಳಿದಾಗ ಇಟ್ಟುಬಿಡುತ್ತಿದ್ದರು.

ಆದರೆ ಅಪ್ಪನ ಹಾಳೆಗೂ ಒಂದು ಮಿತಿಯಿತ್ತು. ಮೋಸದ ದನಿಯನ್ನು, ತಪ್ಪಾಗಿ ಕೇಳಿಸಿಕೊಂಡ ಮಾತನ್ನು ಅದು ತಡೆಯುತ್ತದೆ. ಸ್ಟೇಷನ್ ಮಾಸ್ಟರೇ ತಪ್ಪು ಮಾಡಿದರೆ ತಡೆಯಲಾರದು. ಅದಕ್ಕೆಂದೇ ರಿಜಿಸ್ಟರು, ಅದನ್ನು ಯಾವ ಹೊತ್ತಿಗೆ ಬೇಕಾದರೂ ಬಂದು ತೆರೆದು ನೋಡುವ ಇನ್‌ಸ್ಪೆಕ್ಟರು. ಚರ್ಚುಗಳಿಗೆ ಹಾಳೆ ಇದೆ, ರಿಜಿಸ್ಟರೂ ಇದೆ. ತೆರೆದು ತೋರಿಸುವ ಮನಸ್ಸು ಎಲ್ಲ ಕಡೆ ಇಲ್ಲ. ಸಮಿತಿ ಇದ್ದೂ ಲೆಕ್ಕ ಓದದ ಕಡೆಗಳಿವೆ, ಆಸ್ತಿ ವ್ಯಾಜ್ಯದಲ್ಲಿ ಕೋರ್ಟು ಸುತ್ತುವ ಸಭೆಗಳಿವೆ. ಧರ್ಮಸಭೆಯ ಒಳಿತಿಗಾಗಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ಜನರ ಹಕ್ಕು, ಕೆಲವೊಮ್ಮೆ ಕರ್ತವ್ಯ ಎಂದು ಅದೇ 1983ರ ಸಂಹಿತೆಯಲ್ಲಿದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಬಳಸಿದ್ದೇವೆ? ನಾವು ಬಳಸದೆ ಬಿಟ್ಟ ಹಕ್ಕನ್ನು ಫೋನಿನಲ್ಲಿ ಕೂತ ಯಾರೋ ಒರಟಾಗಿ ಬಳಸುತ್ತಾರೆ. ಆ ಒರಟುತನ ನನಗೆ ಇಷ್ಟವಿಲ್ಲ. ಆದರೆ ಅದರ ಬಾಯಿ ಮುಚ್ಚಿಸಿದರೆ ರಿಜಿಸ್ಟರು ತೆರೆಯುವವರು ಯಾರೂ ಉಳಿಯುವುದಿಲ್ಲ.

ಹಾಗಾಗಿ ದಿನದ ರೊಟ್ಟಿಗೆ ನಾನು ಊರಿನ ದನಿಯನ್ನೇ ನೆಚ್ಚುತ್ತೇನೆ, ಅದು ನೀರಸವಾಗಿದ್ದರೂ. ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದುಕೊಂಡು ಹಳ್ಳಿ ಹಳ್ಳಿ ಅಲೆದು ಸರ್ವಜ್ಞನ ವಚನ ಕೂಡಿಸಿದರು, 1924ರಲ್ಲಿ ಅಚ್ಚು ಹಾಕಿಸಿದರು. 1949ರ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಎಂದು ಕನ್ನಡಿಗರೇ ಅವರನ್ನು ಕರೆದರು. ಲಿಂಗಾಯತರ ಜಗಲಿಯಲ್ಲಿ ಕೂತು ಅವರ ಓಲೆ ಓದಿದ ಪಾದ್ರಿಯನ್ನು ನಂಬಲು ಆ ಊರಿನವರಿಗೆ ಯಾರ ಶಿಫಾರಸೂ ಬೇಕಾಗಿರಲಿಲ್ಲ. ನಂಬಬಹುದಾದ ಕ್ರೈಸ್ತ ದನಿ ಯಾವುದೆಂದು ನೆರೆಯ ಹಿಂದೂವನ್ನೋ ಮುಸಲ್ಮಾನನನ್ನೋ ಕೇಳಿದರೂ ಉತ್ತರ ಸಿಗುತ್ತದೆ ಎಂಬುದು ನನ್ನ ಅನುಭವ. ಆದರೆ ಊರಿನ ದನಿ ಹೇಳದೆ ಬಿಟ್ಟದ್ದನ್ನು, ಮುಚ್ಚಿಟ್ಟದ್ದನ್ನು, ನನ್ನ ಭಾಷೆಯಲ್ಲಿ ಹೇಳಲಾರದ್ದನ್ನು ಫೋನಿನಿಂದ ಕೇಳುತ್ತೇನೆ. ಕೇಳಿ, ಊರಿಗೆ ತಂದು ಕೇಳಿ ನೋಡುತ್ತೇನೆ. ಎರಡನ್ನೂ ಹೀಗೆ ಮುಖಾಮುಖಿ ಮಾಡುವ ಕೆಲಸ ತಡವಾಗುತ್ತದೆ. ಒಂದು ಕ್ಷಣದಲ್ಲಿ ಫಾರ್ವರ್ಡ್ ಮಾಡುವವರ ನಡುವೆ ಅದು ಮಂದಬುದ್ಧಿಯಂತೆ ಕಾಣುತ್ತದೆ. ಇರಲಿ.

ದೊಡ್ಡಮ್ಮ ಮಾತ್ರೆ ನುಂಗುತ್ತಿದ್ದಾಳೆ. ಯೂಟ್ಯೂಬನ್ನೂ ತೆಗೆದುಹಾಕಿಲ್ಲ. ನಡೆಯಲಾಗದವರಿಗೆ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ಮನೆಗೇ ತಂದುಕೊಡುತ್ತಾರೆ. ನಮ್ಮ ಮನೆಯಲ್ಲಿ ಅಂಥವಳಿದ್ದಾಳೆ ಎಂದು ಎರಡು ವರ್ಷ ಹೇಳದೆ ಇದ್ದದ್ದು ನಾವೇ. ಈಗ ಹೇಳಿದ್ದೇವೆ, ಫಾದರ್ ಬರುತ್ತಿದ್ದಾರೆ. ಅವರಿಗೆ ಕನ್ನಡ ಬಾರದು. ಅವರು ತಮಿಳಿನಲ್ಲಿ ಪ್ರಾರ್ಥಿಸಿದರೆ ಇವಳು ಕನ್ನಡದಲ್ಲಿ ಆಮೆನ್ ಹೇಳಿದೆನೆಂದು ಹೆಮ್ಮೆಪಡುತ್ತಾಳೆ. ಹೋದ ಶುಕ್ರವಾರ ಪ್ರಸಾದ ಕೊಟ್ಟು ಎದ್ದವರನ್ನು ಕೂರಿಸಿ, ಫೋನು ಅವರ ಕೈಗೆ ಕೊಟ್ಟು, "ಇವ್ರು ಯಾರು ಸ್ವಾಮಿ, ಒಳ್ಳೇವ್ರಾ?" ಎಂದು ಕೇಳಿದಳು. ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಫಾದರ್ ಕನ್ನಡಕ ಹಾಕಿಕೊಂಡು ಪೂರ್ತಿ ಹತ್ತು ನಿಮಿಷ ಆ ವಿಡಿಯೋ ನೋಡಿದರು. ಎರಡು ಕಡೆ ನಿಲ್ಲಿಸಿ ಕನ್ನಡದ ಮಾತಿಗೆ ಅರ್ಥ ಕೇಳಿದರು. ಆಮೇಲೆ, "ನನಗೆ ಗೊತ್ತಿಲ್ಲಮ್ಮ, ಮೈಸೂರಿನಲ್ಲಿ ನನ್ನ ಜೊತೆ ಓದಿದವರೊಬ್ಬರು ಇದ್ದಾರೆ, ವಿಚಾರಿಸಿ ಹೇಳ್ತೀನಿ" ಎಂದು ತಮಿಳಿನಲ್ಲಿ ಹೇಳಿ, ಜೇಬಿನ ಪುಟ್ಟ ಡೈರಿಯಲ್ಲಿ ಆ ಚಾನೆಲ್ಲಿನ ಹೆಸರು ಬರೆದುಕೊಂಡರು. ದೊಡ್ಡಮ್ಮ ಆ ಡೈರಿಯನ್ನೇ ನೋಡುತ್ತಿದ್ದಳು. ಅವರು ಮೆಟ್ಟಿಲಿಳಿದ ಮೇಲೆ, ಮುಂದಿನ ಮೊದಲ ಶುಕ್ರವಾರಕ್ಕೆ ಇನ್ನು ಎಷ್ಟು ದಿನ ಎಂದು ನನ್ನನ್ನು ಕೇಳಿದಳು.